ರೊಟ್ಟಿಯ ಜೊತೆ ಮಾರಿದ ಮಾತು

ಫೋನಿನಲ್ಲಿ ಖಡಕ್ ರೊಟ್ಟಿ ಮಾರಲು ಶುರುಮಾಡಿದಾಗ ನಮ್ಮ ಗಡಿಭಾಗದ ಜತ್ತ ತಾಲೂಕಿನ ಹೆಂಗಸರೆಲ್ಲ ಅದನ್ನೇ ಮಾರುತ್ತಿದ್ದಾರೇನೋ ಎನ್ನಿಸುವಷ್ಟು ಪೈಪೋಟಿಯಿತ್ತು. ನಾನು ‘ತೆಳ್ಳಗಿನ ರೊಟ್ಟಿ’ ಎಂದು ಬರೆದರೆ ಎಲ್ಲರದೂ ತೆಳ್ಳಗೇ. ‘ಕಟ್ಟಿಗೆ ಒಲೆಯ ಮೇಲೆ ಸುಟ್ಟದ್ದು’ ಎಂದು ಬರೆದೆ. ವಾರದೊಳಗೆ ಗ್ಯಾಸಿನ ಮೇಲೆ ಸುಡುವವರೂ ಹಾಗೇ ಬರೆದರು. ದಿನಕ್ಕೆ ಒಂದೋ ಎರಡೋ ಪಾರ್ಸೆಲ್. ಎಷ್ಟೋ ದಿನ ಅದೂ ಇಲ್ಲ.

ಜತ್ತದಲ್ಲಿ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರಿಗೆ ಎರಡು ದಿನದ ತರಬೇತಿ ಇತ್ತು. ಹೇಳಿಕೊಡಲು ಬಂದಿದ್ದ ಹುಡುಗಿ ನನ್ನ ಫೋನು ಇಸಿದುಕೊಂಡು ರೊಟ್ಟಿಯ ಫೋಟೋಗಳನ್ನೆಲ್ಲ ನೋಡಿದಳು. ಬೇರೆ ಯಾರ ಹತ್ತಿರವೂ ಇಲ್ಲದ್ದು ನಿಮ್ಮ ಹತ್ತಿರ ಏನಿದೆ, ಎಂದು ಮರಾಠಿಯಲ್ಲಿ ಕೇಳಿದಳು. ಅದಕ್ಕೆ ಯುಎಸ್‌ಪಿ ಅನ್ನುತ್ತಾರಂತೆ. ಕಟ್ಟಿಗೆ ಒಲೆ ಎಂದೆ. ‘ರೊಟ್ಟಿ ಎಲ್ಲರೂ ಮಾರುತ್ತಾರೆ ತಾಯಿ, ನೀವು ಕಥೆ ಮಾರಿ. ಅದನ್ನು ಮಾಡುವ ಕೈ ಯಾರದು, ಅದನ್ನು ಹೇಳಿ’ ಎಂದಳು.

ನಮ್ಮೂರು ಬಿಳೂರಿಗೆ ಬಸ್ಸಿನಲ್ಲಿ ವಾಪಸು ಬರುವಾಗಲೇ ನನಗೆ ಆ ಕೈ ಯಾರದೆಂದು ಗೊತ್ತಿತ್ತು.

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಬೆಳುಂಕಿ ಎಂಬ ಊರಿನ ಮಗಳು, ನಮ್ಮೂರಿನ ಸೊಸೆ. ಗಂಡ ಹೆಂಡತಿ ಇಬ್ಬರೂ ಪ್ರತಿ ಹಂಗಾಮಿಗೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುತ್ತಿದ್ದರು. ಒಂದು ಹಂಗಾಮಿನಲ್ಲಿ, ಕಬ್ಬಿನ ಹೊಲದ ಬದುವಿನ ಮೇಲೆ, ಅವರ ಏಳು ತಿಂಗಳ ಕೂಸು ಸತ್ತಿತ್ತು. ಅದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿಲ್ಲದ್ದನ್ನು ಅವಳು ಒಂದು ಮಧ್ಯಾಹ್ನ ಹಿಟ್ಟು ನಾದುತ್ತ ನನಗೆ ಹೇಳಿದ್ದಳು.

“ಒಮ್ಮಿಗೇ ಹೋತು ಅಂತ ಮನ್ಯಾಗ ಹೇಳೀನ್ರಿ ಅಕ್ಕಾರ. ಒಮ್ಮಿಗೇ ಅಲ್ರಿ. ಮುಂಜಾನೆನ ಮೈ ಸುಡಾಕತ್ತಿತ್ತು. ಇದೊಂದು ಟ್ರಾಲಿ ತುಂಬಲಿ, ಆಮ್ಯಾಲ ದವಾಖಾನಿಗೆ ಒಯ್ದರಾತು ಅಂತ ನಾನ ಅಂದ್ಕೊಂಡ್ನಿ. ಮುಕಾದಮ ಏನೂ ಅಂದಿಲ್ಲ. ಅವರಿಗೂ ಗೊತ್ತಿಲ್ಲ.” ಮುಕಾದಮ ಎಂದರೆ ಗ್ಯಾಂಗಿನ ಮೇಸ್ತ್ರಿ, ಅವರು ಎಂದರೆ ಗಂಡ. ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಹೇಳಿದಳು. “ಯಾರ ಮುಂದೂ ಹೇಳಿಲ್ರಿ ಇದನ್ನ.”

ಆ ದಿನ ನಾನೂ ಅತ್ತಿದ್ದೆ. ಅದು ಸುಳ್ಳಲ್ಲ.

ತರಬೇತಿಯಿಂದ ಬಂದ ಮರುದಿನ ಅವಳ ಕೈಗಳ ಫೋಟೋ ತೆಗೆದೆ. ಮುಖ ಬರದಂತೆ ನೋಡಿಕೊಂಡೆ, ಹೆಸರು ಹಾಕಲಿಲ್ಲ. ಯಾರಿಗೆ ತಿಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಹತ್ತಿರ ನೆಟ್ ಇರುವ ಫೋನು ಇರಲಿಲ್ಲ, ಗಂಡನದು ಗುಂಡಿಯ ಫೋನು. ಮರಾಠಿಯಲ್ಲಿ ಬರೆದೆ: ಒಂದು ಮುಂಜಾನೆ ಜ್ವರದ ಕೂಸನ್ನು ಎತ್ತಿಕೊಳ್ಳದೆ ಕಬ್ಬು ಎತ್ತಿದ ಕೈಗಳು ಇವು, ಇಂದು ನಿಮಗಾಗಿ ರೊಟ್ಟಿ ಬಡಿಯುತ್ತಿವೆ. ಆ ಸಾಲನ್ನು ನಾಲ್ಕು ಸಲ ತಿದ್ದಿದೆ. ಚಲೋ ಬಂತು ಎಂದು ಹೆಮ್ಮೆಯೂ ಆಯಿತು, ಫೋಟೋದ ಜೊತೆ ನೆಟ್‌ನಲ್ಲಿ ಹಾಕಿದೆ.

ಮೂರನೆಯ ದಿನದಿಂದ ಫೋನು ಸುಮ್ಮನಾಗಲಿಲ್ಲ. ಪುಣೆ, ಕೊಲ್ಹಾಪುರ, ಮುಂಬೈ. ಹೆಂಗಸರು ಅಳುಮುಖದ ಪುಟ್ಟ ಚಿತ್ರಗಳನ್ನು ಕಳಿಸಿ ಅದರ ಕೆಳಗೆ ವಿಳಾಸ ಬರೆಯುತ್ತಿದ್ದರು. ‘ಆ ತಾಯಿಯ ಕೈಯದೇ ಬೇಕು, ಬೇರೆಯವರದು ಬೇಡ’ ಎಂದು ಒಬ್ಬರು ಬರೆದರು. ಎರಡನೆಯ ಒಲೆ ಹಾಕಿದೆ. ಕಟ್ಟಿಗೆ ಒಡೆಯಲು, ಡಬ್ಬಿ ಕಟ್ಟಲು ಅವಳ ಗಂಡನನ್ನೇ ಕೆಲಸಕ್ಕೆ ಕರೆದೆ. ಆ ಸಲ ಅವರು ಕಬ್ಬಿಗೆ ಹೋಗಲಿಲ್ಲ.

“ಇಷ್ಟ ಮಂದಿ ಹೆಂಗ ಕೇಳಾಕತ್ತಾರ್ರಿ ಅಕ್ಕಾರ, ಈಗೀಗ?” ಎಂದು ಅವಳು ನಗುತ್ತ ಕೇಳಿದಳು.

“ನಿನ್ನ ಕೈಗುಣ ಚಲೋ ಐತಿ ತಂಗಿ,” ಎಂದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಾರು ಬಂದು ನಿಂತಿತು. ಪುಣೆಯ ಗಿರಾಕಿ, ವಯಸ್ಸಾದ ಹೆಂಗಸು, ವಿಜಯಪುರಕ್ಕೆ ಹೊರಟಿದ್ದವರು. ಡಬ್ಬಿಯ ಮೇಲಿನ ವಿಳಾಸ ಹುಡುಕಿಕೊಂಡು ಬಂದಿದ್ದರು. ನಾನು ‘ಬರ್ರಿ, ಕುಂದ್ರಿ’ ಅನ್ನುವುದರೊಳಗೆ ಅವರು ನನ್ನನ್ನು ದಾಟಿ ಒಲೆಯ ಹತ್ತಿರ ಹೋಗಿ, ಕೈಯೆಲ್ಲ ಹಿಟ್ಟಾಗಿದ್ದ ಅವಳನ್ನು ತಬ್ಬಿಕೊಂಡರು. ಮರಾಠಿಯಲ್ಲಿ ಹೇಳುತ್ತ ಅತ್ತರು: ನಿನ್ನ ತಪ್ಪಲ್ಲ ಮಗಳೇ. ಮುಂಜಾನೆ ಜ್ವರ ಇತ್ತೆಂದು ಗೊತ್ತಿದ್ದರೂ ಬಡತನ ಕೂಸನ್ನು ಎತ್ತಿಕೊಳ್ಳಲು ಬಿಡಲಿಲ್ಲ, ನಾನೂ ತಾಯಿ, ನನಗೆ ತಿಳಿಯುತ್ತದೆ.

ಆ ಹೆಂಗಸಿನ ಹೆಗಲ ಮೇಲಿಂದ ಅವಳು ನನ್ನನ್ನು ನೋಡಿದಳು.

ಅವಳ ಗಂಡ ಬಾಗಿಲಲ್ಲಿ ಕಟ್ಟಿಗೆಯ ಹೊರೆ ಹಿಡಿದು ನಿಂತಿದ್ದ. ನಮ್ಮ ಕಡೆ ಮರಾಠಿ ತಿಳಿಯದವರು ಯಾರಿದ್ದಾರೆ? ಹೊರೆಯನ್ನು ಮೆಲ್ಲಗೆ ಕೆಳಗಿಟ್ಟ. ಗಿರಾಕಿ ಅಳು ಮುಗಿಸಿ, ಹತ್ತು ಡಬ್ಬಿ ಕೊಂಡು ಕಾರಿನಲ್ಲಿ ಹೊರಟರು. ಆಮೇಲೆ ಅವನು ಅವಳನ್ನು ಕೇಳಿದ, “ಮುಂಜಾನಿ ಗೊತ್ತಿತ್ತೇನ ನಿನಗ?”

ಅವಳು ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಗದಂತೆ ತೆಗೆದಿಟ್ಟಳು. “ಹೂಂ,” ಎಂದಳು.

ಅವನು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಹೊರಟುಹೋದ. ಅವಳು ಕೈ ತೊಳೆದುಕೊಂಡು ಬೇರೆ ದಾರಿಯಿಂದ ಹೋದಳು.

ಎರಡು ದಿನ ಕಾದು ಅವಳ ಮನೆಗೆ ಹೋದೆ. ಗಂಡ ಹಂಗಾಮಿನ ನಡುವೆಯೇ ಗ್ಯಾಂಗ್ ಸೇರಿಕೊಂಡು ಕಬ್ಬಿಗೆ ಹೋಗಿದ್ದ. ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ. ಅವಳೇ ಹೊರಗೆ ಬಂದಳು. ನಾನು ಏನೇನೋ ಹೇಳಿದೆ. ಹೆಸರು ಹಾಕಿರಲಿಲ್ಲ ಎಂದೆ, ಮುಖ ತೋರಿಸಿರಲಿಲ್ಲ ಎಂದೆ, ನಿನಗೂ ಕೆಲಸ ಆಗಲೆಂದೇ ಬರೆದೆ ಎಂದೆ.

ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು, “ನನ್ನ ಕೇಳಿದ್ರ ಬ್ಯಾಡ ಅಂತಿದ್ನಿ. ಅದು ನಿಮಗ ಗೊತ್ತಿತ್ತು. ಅದಕ್ಕ ಕೇಳಲಿಲ್ಲ ನೀವು.”

ಅವಳು ಒಳಗೆ ಹೋದಳು. ಆ ವಾರವೇ ಅವಳ ಅಣ್ಣ ಬಂದು ಬೆಳುಂಕಿಗೆ ಕರೆದುಕೊಂಡು ಹೋದ.

ನಾನು ಬರೆದದ್ದನ್ನು ಅಳಿಸಿದೆ. ಆದರೆ ಅದು ಆಗಲೇ ನನ್ನ ಕೈ ಬಿಟ್ಟುಹೋಗಿತ್ತು. ಕೆಲವು ದಿನಗಳ ನಂತರ ಫೋನಿನ ಒಂದು ಗುಂಪಿನಲ್ಲಿ ಅದೇ ಕೈಗಳು, ಅದೇ ಸಾಲು ನನಗೇ ಬಂದವು. ಕೆಳಗೆ ಬೇರೆ ಯಾರದೋ ನಂಬರು. ಅವನು ಚಟ್ನಿ ಮಾರುತ್ತಿದ್ದ. ಫೋನು ಮಾಡಿ ತೆಗೆದುಹಾಕಿ ಎಂದು ಜಗಳಕ್ಕೆ ನಿಂತೆ. “ಕೂಸು ನಿಮ್ಮದೇನು?” ಎಂದು ಕೇಳಿದ. ನಾನು ಫೋನು ಇಟ್ಟೆ.

ಗಿರಾಕಿಗಳಿಗೆ ಆ ಹೆಂಗಸು ಕೆಲಸ ಬಿಟ್ಟಳು ಎಂದಷ್ಟೇ ತಿಳಿಸಿದೆ. ಆರ್ಡರು ಒಂದೊಂದಾಗಿ ನಿಂತವು. ಈಗ ನಾನೇ ಬಡಿಯುತ್ತೇನೆ, ಜತ್ತದ ಎರಡು ಅಂಗಡಿಗಳಿಗೆ ಕೊಡುತ್ತೇನೆ. ಚೀಟಿಯ ಮೇಲೆ ‘ಜೋಳದ ರೊಟ್ಟಿ’ ಎಂದಷ್ಟೇ ಇದೆ. ನನ್ನ ರೊಟ್ಟಿ ಅವಳದರಷ್ಟು ತೆಳ್ಳಗೆ ಬರುವುದಿಲ್ಲ, ಅಂಚು ಒಡೆಯುತ್ತದೆ.

ಹೋದ ಹಂಗಾಮಿನಲ್ಲಿ ಅವಳ ಗಂಡ ಒಬ್ಬನೇ ಕಬ್ಬಿಗೆ ಹೋದ ಎಂದು ಊರಿನವರು ಹೇಳಿದರು. ಅವಳು ಇನ್ನೂ ತವರಿನಲ್ಲೇ ಇದ್ದಾಳೆ, ದಾಳಿಂಬೆ ತೋಟದ ಕೂಲಿಗೆ ಹೋಗುತ್ತಾಳೆ. ಅವಳನ್ನು ನೋಡಲೆಂದು ಒಮ್ಮೆ ಬೆಳುಂಕಿಗೆ ಹೋಗುವ ಬಸ್ಸು ಹತ್ತಿ ಕುಳಿತಿದ್ದೆ. ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟೆ.