ಗಿಡ್ಡಮ್ಮ ಚೆಲ್ಲದೆ ಉಳಿಸಿದ ಸೀಸೆ

ಬೆಳಗಿನ ಆರು ಗಂಟೆ. ಆಲ್ದೂರಿನ ಹೊರಗೆ, ಎಸ್ಟೇಟಿನ ಹಳೆಯ ಗೋದಾಮಿನಲ್ಲಿರುವ ಪುಟ್ಟ ಪ್ರಯೋಗಾಲಯದಲ್ಲಿ ಗಿಡ್ಡಮ್ಮ ಆಗಲೇ ದೊಡ್ಡ ಕುಕ್ಕರಿನಿಂದ ಗಾಜಿನ ಸೀಸೆಗಳನ್ನು ಇಳಿಸುತ್ತಿದ್ದಾರೆ. ದಿನಕ್ಕೆ ನೂರಿಪ್ಪತ್ತು ಸೀಸೆ. ತೊಳೆಯಬೇಕು, ಕ್ರಿಮಿ ಉಳಿಯದಂತೆ ಬೇಯಿಸಬೇಕು, ಒಣಗಿಸಬೇಕು.

ವಯಸ್ಸು ಐವತ್ನಾಲ್ಕು. ಕಾಫಿ ಕೊಯ್ಲಿನಲ್ಲಿ ಮೂಟೆ ಹೊತ್ತು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ, 1993ರಲ್ಲಿ ಇಲ್ಲಿಗೆ ಬಂದರು. "ಗುಡ್ಡ ಹತ್ತಕ್ಕೆ ಆಗ್ದು. ನಿಂತ್ಕಂಡು ತೊಳೀಬೋದಲ್ಲ ಅಂತ ಬಂದೆ" ಎನ್ನುತ್ತಾರೆ. ಓದು ಬಾರದು. ಸೀಸೆಗಳನ್ನು ಮುಚ್ಚಳದ ಬಣ್ಣದಿಂದಲೇ ಗುರುತಿಸುತ್ತಾರೆ.

ಇಲ್ಲಿನ ಸಂಶೋಧಕಿ ರೂಪಶ್ರೀ ಬೆಳೆಸುವುದು ಮಣ್ಣಿನ ಬ್ಯಾಕ್ಟೀರಿಯಾಗಳನ್ನು. ಕಾಫಿ ಎಲೆಯಂತೆ ಇವೂ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೇ ಮೈ ಕಟ್ಟಿಕೊಳ್ಳುತ್ತವೆ. ಎಲೆಗೆ ಬಿಸಿಲು ಬೇಕು. ಇವಕ್ಕೆ ಕತ್ತಲ ಕಪಾಟಿನಲ್ಲಿ ಒಂದಿಷ್ಟು ಜಲಜನಕ ಸಿಕ್ಕರೆ ಸಾಕು. ಆದರೆ ಎರಡರದ್ದೂ ಒಂದೇ ಎಡವಟ್ಟು: ಇಂಗಾಲ ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದು, ಕೆಲಸಕ್ಕೆ ಬಾರದ ವಸ್ತುವೊಂದನ್ನು ಮಾಡಿಬಿಡುತ್ತದೆ. ಬ್ಯಾಕ್ಟೀರಿಯಾ ಅದನ್ನೂ ಬಿಡದೆ ಮತ್ತೆ ಬಳಸಿಕೊಳ್ಳುತ್ತದೆ.

ಹಾಗೆ ಬಳಸಿಕೊಳ್ಳುವ ದಾರಿಯನ್ನೇ ಮುರಿದ ತಳಿಯೊಂದನ್ನು ರೂಪಶ್ರೀ 2005ರಲ್ಲಿ ಬೆಳೆಯಲಿಟ್ಟರು. ಅದು ಸಾಯಬೇಕಿತ್ತು. ಬೆಳೆದಿದ್ದರೆ ನೀರು ಮಬ್ಬಾಗಬೇಕಿತ್ತು; ವಾರ ಕಳೆದರೂ ತಿಳಿಯಾಗಿಯೇ ಕಂಡಿತು. "ಗಿಡ್ಡಮ್ಮ, ಕೆಂಪು ಮುಚ್ಚಳದ್ದು ತೊಳೆದುಬಿಡಿ" ಎಂದರು.

ತೊಳೆಯಲು ಎತ್ತಿಕೊಂಡ ಗಿಡ್ಡಮ್ಮ ಸೀಸೆಯನ್ನು ಕಿಟಕಿಗೆ ಹಿಡಿದು ನೋಡಿದರು. ಗಂಜಿ ತಿಳಿಯಷ್ಟು ಮಬ್ಬು. "ಮೇಡಮ್ಮೋರೆ, ಇದು ಸತ್ತಿಲ್ಲ."

"ಹೊರಗಿಂದ ಏನೋ ಸೇರ್ಕೊಂಡಿರ್ಬೇಕು, ಬಿಡಿ."

"ನಾನು ಬೇಯ್ಸಿದ್ ಸೀಸೆ ಅದು. ಏನೂ ಸೇರಿಲ್ಲ."

ಆ ಮಾತಿಗೆ ಕಟ್ಟುಬಿದ್ದು ರೂಪಶ್ರೀ ಮೂರು ಸಲ ಮೊದಲಿಂದ ಪರೀಕ್ಷಿಸಿದರು. ಎರಡು ತಿಂಗಳು ಹಿಡಿಯಿತು. ಏನೂ ಸೇರಿರಲಿಲ್ಲ. ಒಂದು ದಾರಿ ಮುರಿದಿದ್ದಕ್ಕೆ ಆ ಜೀವಿ ಇನ್ನೊಂದನ್ನು ಹಿಡಿದಿತ್ತು: ಬೇಡದ ವಸ್ತುವನ್ನು ಪೂರ್ತಿ ಉರಿಸಿ ಶಕ್ತಿ ಪಡೆದು, ಹೊರಬಿದ್ದ ಇಂಗಾಲವನ್ನೂ ಮತ್ತೆ ಹಿಡಿಯುತ್ತಿತ್ತು. "ಅವತ್ತು ಅವರು ತೊಳೆದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ" ಎನ್ನುತ್ತಾರೆ ರೂಪಶ್ರೀ.

ಪರೀಕ್ಷೆ ಮುಗಿದ ದಿನ ಅವರು ಗಿಡ್ಡಮ್ಮನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಹನ್ನೆರಡು ವರ್ಷ ತೊಳೆದು ಚೆಲ್ಲಿದ ನೀರಿನಲ್ಲಿ ಏನಿತ್ತೆಂದು ಗಿಡ್ಡಮ್ಮ ಕಂಡದ್ದು ಆಗಲೇ.

"ಕಣ್ಣಿಗೂ ಕಾಣದ್ದಕ್ಕೆ ಎಷ್ಟು ಬುದ್ಧಿ ಮಾರಾಯ್ರೆ! ಬಿಸಿಲಿಲ್ಲ, ಬೆಳಕಿಲ್ಲ, ಆದ್ರೂ ಬದುಕ್ತಾವೆ."

ಆಸೆ ಏನಾದರೂ ಇದೆಯೇ ಎಂದು ಕೇಳಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಇನ್ನೊಂದ್ಸಲ ಅದ್ರೊಳಗೆ ನೋಡ್ಬೇಕು. ಹೋದ್ಸಲ ಕಣ್ಣಲ್ಲಿ ನೀರು ತುಂಬಿ ಸರಿಯಾಗಿ ಕಾಣ್ಲೇ ಇಲ್ಲ."