ತಣ್ಣಗಾದ ಬ್ಯಾರನ್‌ನಲ್ಲಿ ಒಂದು ಫ್ರೀಜರ್

ಆಷಾಢ ಶುಕ್ರವಾರ, ಬೆಳಿಗ್ಗೆ ಆರು ನಲವತ್ತು. ಮೈಸೂರಿಗೆ ಹೋಗುವ ಬಸ್ಸು ಅಂತರಸಂತೆ ಕಡೆಯಿಂದ ಬಂದು ನಮ್ಮೂರ ತಿರುವಿನಲ್ಲಿ ಹಾರ್ನ್ ಹೊಡೆಯುವ ಹೊತ್ತು. ಹಾರ್ನಿನ ಹಿಂದೆಯೇ ಕುಂಕುಮದ ಬಟ್ಟಲು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಅಕ್ಕ ಕೂಗಲಿಲ್ಲ. ಈಗಲೂ ನೆನಪಾದಾಗ ಮೈ ಜುಮ್ಮೆನ್ನುವುದು ಅವಳು ಕೂಗದೇ ಇದ್ದುದಕ್ಕೆ.

ಅಕ್ಕ ಎಂದರೆ ನನ್ನ ವಾರಗಿತ್ತಿ. ಫ್ರೀಜರ್ ಅವಳದು. ಚಳಿಗಾಲದಲ್ಲಿ ಸೊಗಡವರೆ ಸುಲಿದು, ನೆನೆಸಿ, ಹಿತಕಿ, ಬೇಳೆಯನ್ನು ಹೆಪ್ಪುಗಟ್ಟಿಸಿ ಇಡುತ್ತಾಳೆ. ಅವರೆ ಎಲ್ಲೂ ಸಿಗದ ಮಳೆಗಾಲದಲ್ಲಿ ಬೀಚನಹಳ್ಳಿಯ ಒಂದು ಹೋಟೆಲಿಗೆ ಮಾರುತ್ತಾಳೆ. ನಾನು ಡಿಗ್ರಿ ಮುಗಿಸಿ ಈ ಮನೆಗೆ ಬಂದವಳು, ಅವಳ ಜೊತೆಗೆ ಸೇರಿಕೊಂಡೆ. ಮನೆಯೊಳಗೆ ಜಾಗವಿಲ್ಲದ್ದರಿಂದ ಫ್ರೀಜರನ್ನು ಹಿತ್ತಲಿನ ಬ್ಯಾರನ್‌ನಲ್ಲಿ ಇಟ್ಟಿದ್ದೆವು. ಹೊಗೆಸೊಪ್ಪು ಬೇಯಿಸುತ್ತಿದ್ದ ಎತ್ತರದ ಇಟ್ಟಿಗೆ ಕಟ್ಟಡ ಅದು. ನಾವು ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟ ಮೇಲೆ ಅಲ್ಲಿ ಬೆಂಕಿ ಹಚ್ಚಿಲ್ಲ. ಸೋನೆ ಹಿಡಿದರೆ ಗೋಡೆ ಬೆವರುತ್ತದೆ, ನೆಲ ಜಿನುಗುತ್ತದೆ.

ಬೆಂಕಿ ಹೋದರೂ ಬೆಂಕಿಯ ಮರ್ಯಾದೆ ಉಳಿದಿತ್ತು. ಬ್ಯಾರನ್ ಒಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿರಲಿಲ್ಲ. ಅದು ಅತ್ತೆಯವರ ಕಟ್ಟಳೆ. ಆ ಬೆಳಿಗ್ಗೆ ಅಕ್ಕ ಬರಿಗಾಲಲ್ಲಿ, ಹಸಿ ನೆಲದ ಮೇಲೆ ನಿಂತು, ಕುಂಕುಮ ಇಡುವ ಮೊದಲು ಫ್ರೀಜರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ನಾನು ಬಾಗಿಲಲ್ಲಿದ್ದೆ. ಅವಳ ಬಲಗೈ ಹಿಡಿಕೆಗೆ ಅಂಟಿಕೊಂಡಿತ್ತು, ಭುಜ ಅದುರುತ್ತಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ಎಳೆದುಕೊಳ್ಳಲು ಕೈ ಚಾಚಿಬಿಟ್ಟಿದ್ದೆ. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಯಾಕೆ ನಿಂತೆನೋ ಗೊತ್ತಿಲ್ಲ. ಸೂರಿನಡಿ ಸಿಕ್ಕಿಸಿದ್ದ ಸೊಪ್ಪು ಕಟ್ಟುವ ಒಣ ಕಡ್ಡಿಯೊಂದನ್ನು ಕಿತ್ತು, ಬಾಗಿಲ ಪಕ್ಕದ ಸ್ವಿಚ್ಚಿಗೆ ಹೊಡೆದೆ. ಮೊದಲನೆಯ ಏಟು ಗೋಡೆಗೆ ಬಿತ್ತು. ಎರಡನೆಯದಕ್ಕೆ ಸ್ವಿಚ್ಚು ಆರಿತು. ಅಕ್ಕ ಕುಸಿದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ನೀರು ಕೇಳಿದಳು.

ಭಾವ ಅವಳನ್ನು ಪಕ್ಕದ ಮನೆಯವರ ಕಾರಿನಲ್ಲಿ ತಾಲ್ಲೂಕು ಊರಾದ ಕೋಟೆಯ ಆಸ್ಪತ್ರೆಗೆ ಕರೆದೊಯ್ದರು. ಎದೆಬಡಿತ ಸರಿಯಿದೆ ಎಂದು ಡಾಕ್ಟರು ಮಾರನೇ ದಿನ ಕಳಿಸಿದರು. ಅಂಗೈಯಲ್ಲಿ ಸುಟ್ಟ ಗಾಯವಿತ್ತು. ಆದರೆ ಆಮೇಲೆ ನಮ್ಮಿಬ್ಬರಿಗೂ ರಾತ್ರಿ ನಿದ್ದೆ ಹತ್ತದಾಯಿತು. ನಾನು ಕಣ್ಣು ಮುಚ್ಚಿದರೆ ಚಾಚಿದ ನನ್ನ ಕೈಯೇ ಕಾಣುತ್ತಿತ್ತು. ನಡುಮನೆಗೆ ಬಂದರೆ ಅಕ್ಕನೂ ಎದ್ದು ಕೂತಿರುತ್ತಿದ್ದಳು.

ಬೇಳೆಯಲ್ಲಿ ಅರ್ಧವನ್ನು ಹೋಟೆಲಿನವರು ತಮ್ಮ ಫ್ರೀಜರಿನಲ್ಲಿ ಇಟ್ಟುಕೊಂಡರು. ಉಳಿದದ್ದು ಕರಗುವ ಮೊದಲು ಕೇರಿಗೆಲ್ಲ ಹಂಚಿದೆವು. ಎದುರುಮನೆಯ ಅಜ್ಜಿ ಪಾತ್ರೆ ವಾಪಸು ತಂದು ಅಕ್ಕನ ಪಕ್ಕ ಕೂತರು.

"ಆಷಾಡದಲ್ಲೂ ಅವರೆಬ್ಯಾಳೆ ಸಾರು ಉಣ್ಸುದ್ಯಲ್ಲವ್ವ. ಇನ್ನೊಂದ್ಸಲ ಬೇಕು ಅಂದ್ರೆ ನಿನ್ನ ಕರೆಂಟ್‌ಗೆ ಕೊಡ್ಬೇಕಾ?"

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ನಕ್ಕಿದ್ದು ಅದೇ ಮೊದಲು. ಅತ್ತೆ ನಗಲಿಲ್ಲ. ಆ ಸಂಜೆ ಅವರು ಫ್ರೀಜರನ್ನು ಗುಜರಿಗೆ ಹಾಕಿ ಎಂದರು. ಭಾವನೂ ತಲೆ ಆಡಿಸಿದರು. ಅಕ್ಕ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು.

"ಸಾಯಂಗಾಗಿದ್ದೋಳು ನಾನು ಕಣತ್ತೆ. ನಾನೇ ಬ್ಯಾಡ ಅಂತಿಲ್ಲ. ಈ ಮನೇಲಿ ನಂದು ಅಂತ ಇರದು ಅದೊಂದೇಯ. ಮಾರ್ಬ್ಯಾಡಿ, ನೆಟ್ಟಗೆ ಮಾಡ್ಸಿಕೊಡಿ."

ಮರುದಿನ ಭಾವ ಕೋಟೆಯಿಂದ ಎಲೆಕ್ಟ್ರಿಷಿಯನ್‌ನನ್ನು ಕರೆತಂದರು. ಫ್ರೀಜರಿನ ಒಳಗಿನ ವೈರೊಂದು ತೇವಕ್ಕೆ ಹಾಳಾಗಿತ್ತು. ಅದರ ಜೊತೆಗೆ, ಸೋರಿದ ಕರೆಂಟನ್ನು ಮಣ್ಣಿಗಿಳಿಸಬೇಕಾದ ಅರ್ತ್ ವೈರನ್ನು ಬ್ಯಾರನ್‌ನ ಹಳೆಯ ತಗಡಿನ ಕೊಳವೆಗೆ ಕಟ್ಟಿದ್ದರು. ಬೆಂಕಿಯ ಬಿಸಿ ಹರಿಯಲೆಂದು ಹಾಕಿದ ಆ ಕೊಳವೆ ಇಟ್ಟಿಗೆಗಳ ಮೇಲೆ ಕೂತಿದೆ, ಮಣ್ಣಿಗೆ ತಾಕುವುದೇ ಇಲ್ಲ. ಆತ ಹೊರಗೆ ಗುಂಡಿ ತೋಡಿ ಸರಿಯಾದ ಅರ್ತ್ ಮಾಡಿದ. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚನ್ನೂ ಕೂರಿಸಿದ.

ಆದರೂ ಗೋಡೆಯ ತೇವ ಹಾಗೇ ಇತ್ತು. ಅದಕ್ಕೆ ದಾರಿ ಹೇಳಿದವರು ಅತ್ತೆ. ಫ್ರೀಜರನ್ನು ಹೊರಗೆ ಸಾಗಿಸಿ, ಬ್ಯಾರನ್‌ನ ಒಲೆಗೆ ಸೌದೆ ತುಂಬಿಸಿ, ವರ್ಷಗಳ ಮೇಲೆ ತಾವೇ ಬೆಂಕಿ ಹಚ್ಚಿದರು. ಇಡೀ ದಿನ ಗೋಡೆಗಳಿಂದ ಹಬೆ ಎದ್ದಿತು, ಹಳೆಯ ಸೊಪ್ಪಿನ ವಾಸನೆ ಬಂತು. ಮುಚ್ಚಿಟ್ಟಿದ್ದ ಗಾಳಿಕಿಂಡಿಗಳನ್ನೂ ತೆಗೆಸಿದರು. ಫ್ರೀಜರ್ ಮರದ ಹಲಗೆಯ ಮೇಲೆ ವಾಪಸು ಕೂತಾಗ ಅತ್ತೆ ಎರಡು ಜೊತೆ ಹೊಸ ಹವಾಯಿ ಚಪ್ಪಲಿ ತಂದು ಹೊಸ್ತಿಲ ಒಳಗೆ ಇಟ್ಟರು.

"ಬೆಂಕಿ ಮನೆ ಅಂತ ಬ್ಯಾಡ ಅಂತಿದ್ದೆ. ಇದೀಗ ಮಂಜಿನ ಮನೆ ಕಣ್ರವ್ವ. ಮೆಟ್ಕೊಂಡೇ ಓಗಿ."

ಅಕ್ಕ ಕಾಲು ತೂರಿಸಿ ಒಳಗೆ ಹೋದಳು. ಒಣ ಸೆರಗನ್ನು ಕೈಗೆ ಸುತ್ತಿಕೊಂಡು ಮುಚ್ಚಳ ಎತ್ತಿದಳು. ರಾತ್ರಿಯ ನಿದ್ದೆ ಮಾತ್ರ ಬರಲಿಲ್ಲ. ಹೊಸ ಸ್ವಿಚ್ಚು ನಿಜಕ್ಕೂ ಬೀಳುತ್ತದೆಯೇ ಎಂಬ ಅನುಮಾನ ಇಬ್ಬರಿಗೂ ಇತ್ತು.

ಗೌರಿ ಹಬ್ಬದ ಹಿಂದಿನ ವಾರ ಒಂದು ಮಧ್ಯಾಹ್ನ ಜೋರು ಮಳೆ ಬಂತು. ಇಬ್ಬರೂ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆವು. ಬ್ಯಾರನ್ ಕಡೆಯಿಂದ ಟಪ್ಪೆಂದು ಕೇಳಿಸಿತು. ಹೋಗಿ ನೋಡಿದರೆ ಸ್ವಿಚ್ಚು ಕೆಳಗೆ ಬಿದ್ದಿತ್ತು. ಗಾಳಿಕಿಂಡಿಯಿಂದ ಬಂದ ಮಳೆಯ ಇರಚಲು ಪ್ಲಗ್ಗಿಗೆ ಹೊಡೆದಿತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ, ಅದು ತನ್ನಷ್ಟಕ್ಕೆ ಕೆಲಸ ಮಾಡಿತ್ತು. ಅಕ್ಕ ಅದನ್ನೇ ನೋಡುತ್ತಾ ನಿಂತಳು. ಆಮೇಲೆ, "ಬಿತ್ತಲ್ಲ ಕಣೆ," ಎಂದಳು. ಅಷ್ಟೇ.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ಚಾಪೆಯ ಮೇಲೆ ಬಂದಿತ್ತು. ಬಸ್ಸು ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಕೊಟ್ಟಿಗೆಯಲ್ಲಿ ಹಸು ಅರಚುತ್ತಿತ್ತು, ಅತ್ತೆ ಬಿಂದಿಗೆ ಕುಕ್ಕುತ್ತಿದ್ದರು. ಅಕ್ಕನ ಕೋಣೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು, ಒಳಗಿಂದ ಅವಳ ಸಣ್ಣ ಗೊರಕೆ ಕೇಳಿಸುತ್ತಿತ್ತು.