ನೋಟ್ಸು ರುಬ್ಬುತ್ತಿದ್ದ ಮೇಡಂ

ಮೇ ತಿಂಗಳಲ್ಲಿ ನಮ್ಮ ಹಿರಿಯ ಮೇಡಂ ಅವರ ಕೈಯಿಂದ ಮೆಂತ್ಯದ ವಾಸನೆ ಬರುತ್ತಿತ್ತು. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಹಿಟ್ಟು ಒಣಗಿ ಕೂತಿರುತ್ತಿತ್ತು. ಅದು ಅವರ ನೋಟ್ಸು. ವರ್ಷವಿಡೀ ಪಾಠಕ್ಕೆಂದು ಬರೆದುಕೊಂಡ ಹಾಳೆಗಳನ್ನು ರಜೆ ಬಿಟ್ಟ ಮರುದಿನವೇ ಹರಿದು ಬಕೆಟ್ಟಿನಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಕೊಡಕ್ಕೆ ಮೆತ್ತಿ ರೊಟ್ಟಿ ಬುಟ್ಟಿ ಮಾಡುತ್ತಿದ್ದರು. ನಮ್ಮ ಕಡೆ ಹೆಂಗಸರು ರದ್ದಿ ಕಾಗದದಲ್ಲಿ ಬುಟ್ಟಿ ಮಾಡುವುದು ಹೊಸದಲ್ಲ. ಆದರೆ ಎಂ.ಎ. ಓದಿದವರು ಸ್ವಂತ ನೋಟ್ಸು ರುಬ್ಬಿದ್ದನ್ನು ನಾನು ಬೇರೆಲ್ಲೂ ಕಾಣೆ.

ಶಹಾಪುರದ ಕಾಲೇಜಿನಲ್ಲಿ ನಾವಿಬ್ಬರೂ ಇತಿಹಾಸ ಕಲಿಸುತ್ತಿದ್ದೆವು. ಅವರು ಸುರಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ತಮಗೆ ಉತ್ತರ ಗೊತ್ತಿರದ ಪ್ರಶ್ನೆಯನ್ನು ಕ್ಲಾಸಿನಲ್ಲಿ ಹುಡುಗರು ಯಾರಾದರೂ ಕೇಳಿದರೆ ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಸಾರುತ್ತಿದ್ದರು, ಮನೆಯಲ್ಲಿ ಮಗು ಹುಟ್ಟಿದ ಸಂಭ್ರಮದಲ್ಲಿ. ನಾನು ಒಳಗೊಳಗೇ ನಗುತ್ತಿದ್ದೆ. ನನ್ನ ನೋಟ್ಸು ಹನ್ನೊಂದು ವರ್ಷದಿಂದ ಒಂದೇ. ಹಾಳಾಗದಿರಲೆಂದು ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಝೆರಾಕ್ಸ್ ಅಂಗಡಿಯವನು ನನ್ನನ್ನು ಕರೆದು ಚಹಾ ಕುಡಿಸುತ್ತಿದ್ದ. ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೇ!

ಒಂದು ದಿನ ಪಾಠ ಹೇಳುತ್ತಿರುವಾಗ ಕೆಮ್ಮು ಬಂದು ವಾಕ್ಯ ಅರ್ಧಕ್ಕೆ ನಿಂತಿತು. ಹಿಂದಿನ ಬೆಂಚಿನವರು ಅದನ್ನು ಮುಗಿಸಿದರು. ಮುಂದಿನ ವಾಕ್ಯವನ್ನೂ ಹೇಳಿದರು. ಅದರ ಬೆನ್ನಿಗೆ ನಾನು ಹೇಳಬೇಕಿದ್ದ ಜೋಕನ್ನೂ ಹೇಳಿಬಿಟ್ಟರು. ತಮ್ಮ ಅಕ್ಕಂದಿರು ಓದಿದ ಕಾಲದ, ನನ್ನ ನೋಟ್ಸಿನ ಝೆರಾಕ್ಸ್ ಪ್ರತಿ ಅವರ ಕೈಯಲ್ಲಿತ್ತು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನಾನಿಲ್ಲದಿದ್ದರೂ ನನ್ನ ಪಾಠ ನಡೆಯುತ್ತದೆ ಎಂದು ಗೊತ್ತಾಗಿತ್ತು.

ಆ ಬೇಸಿಗೆಯಲ್ಲಿ ರಾಜೀನಾಮೆ ಪತ್ರ ಬರೆದುಕೊಂಡು ಸುರಪುರಕ್ಕೆ ಹೋದೆ. ಮೇಡಂ ಆಗಷ್ಟೇ ನಿವೃತ್ತರಾಗಿ, ಕೊನೆಯ ವರ್ಷದ ಹಾಳೆಗಳನ್ನು ಹರಿಯುತ್ತ ಕೂತಿದ್ದರು.

“ನನ್ನೊಳಗ ಏನೂ ಉಳಿದಿಲ್ರಿ ಮೇಡಂ. ಬಿಡ್ತೀನಿ,” ಅಂದೆ.

ಪತ್ರ ಓದಿ, ಮಡಚಿ ಕೈಗೆ ಕೊಟ್ಟರು. “ಈ ವರ್ಷ ಹುಡುಗರು ಕೇಳಿದ್ದು ಒಂದು ಪ್ರಶ್ನಿ ಹೇಳು. ನಿನಗ ಉತ್ತರ ಗೊತ್ತಿರಲಾರದ್ದು.”

ಎಷ್ಟು ತಲೆ ಕೆರೆದುಕೊಂಡರೂ ಒಂದೂ ನೆನಪಾಗಲಿಲ್ಲ. ಕೇಳುವುದಕ್ಕೆ ನಾನು ಬಿಟ್ಟಿದ್ದರೆ ತಾನೆ!

“ನಿನಗ ಬ್ಯಾಸರಾಗಿದ್ದು ಆ ಹಾಳಿಗೋಳಂದು ತಮ್ಮಾ, ಹುಡುಗರದಲ್ಲ. ಅವನ್ನ ತಂದು ನನಗ ಕೊಡು. ಒಂದು ತಿಂಗಳು ಖಾಲಿ ಕೈಲೆ ಕ್ಲಾಸಿಗೆ ಹೋಗು. ಆಮ್ಯಾಲ ಈ ಪತ್ರ ಕೊಡೋದಿದ್ರ ಕೊಡು.”

ಮರುದಿನ ಒಯ್ದೆ. ಲ್ಯಾಮಿನೇಷನ್ ನೋಡಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಯ್ಯ, ಇವು ಏಳು ಜನ್ಮಕ್ಕೂ ನೆನಿಯಂಗಿಲ್ಲ ಬಿಡು!” ಕೊನೆಗೆ ನನ್ನ ಹನ್ನೊಂದು ವರ್ಷದ ವಿದ್ವತ್ತಿನ ಮೇಲೆ ಮಾಳಿಗೆಯ ಬಿಸಿಲಿನಲ್ಲಿ ಅವರ ಜೋಳದ ಸಂಡಿಗೆ ಒಣಗಿತು.

ಕಾಲೇಜು ತೆರೆದ ಮೇಲೆ ಮೂರು ವಾರ ನರಕ ಕಂಡೆ. ಮಾತು ತಡವರಿಸುತ್ತಿತ್ತು, ಅಂಗಿ ಬೆವರಿಗೆ ಅಂಟುತ್ತಿತ್ತು. ಪತ್ರ ಇನ್ನೂ ಜೇಬಿನಲ್ಲೇ ಇತ್ತು. ನಾಲ್ಕನೇ ವಾರ ಸುರಪುರದವರು ಇಂಗ್ಲಿಷರ ಮೇಲೆ ದಂಗೆಯೆದ್ದ ಪಾಠ ನಡೆದಿತ್ತು. ದೇವಾಪುರದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಗಂಡಸರೆಲ್ಲಾ ಕಾಳಗಕ್ಕ ಹೋದ್ರಂದ್ರ ಆ ವರ್ಷ ಹೊಲ ಯಾರು ಬಿತ್ತಿದ್ರು ರೀ?”

ನಾನು ಓದಿದ ಯಾವ ಪುಸ್ತಕದಲ್ಲೂ ಅದಿರಲಿಲ್ಲ. “ಗೊತ್ತಿಲ್ಲವ್ವ,” ಅಂದೆ. ಯಾರೂ ನಗಲಿಲ್ಲ. ಒಬ್ಬ ತನ್ನ ಮುತ್ತಜ್ಜಿಯನ್ನು ಕೇಳಿ ಬರುತ್ತೇನೆಂದ. ಇನ್ನೊಬ್ಬಳು ಬೀಸುವ ಹಾಡಿನಲ್ಲಿ ಇರಬಹುದು ಎಂದಳು. ಗಂಟೆ ಹೊಡೆದದ್ದು ನಮಗ್ಯಾರಿಗೂ ಕೇಳಲಿಲ್ಲ.

ಸಂಜೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಉತ್ತರ ಸಿಕ್ತೇನು?”

“ಇಲ್ರಿ.”

“ನಾಳಿ ಸಿಗ್ತದೇನು?”

“ಗೊತ್ತಿಲ್ರಿ ಮೇಡಂ.”

“ಹಂಗಾರ ನಾಳಿ ಕಾಲೇಜಿಗೆ ಹೋಗ್ತಿ ಬಿಡು,” ಎಂದು ಫೋನ್ ಇಟ್ಟರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಬದುಕಿದ್ದಾಗ ಎದುರಿಗೆ ನಿಂತು ಒಂದು ಒಳ್ಳೆಯ ಮಾತು ಹೇಳಲು ನನಗೆ ನಾಚಿಕೆ ಅಡ್ಡ ಬಂತು. ಅದು ಈಗಲೂ ಚುಚ್ಚುತ್ತದೆ. ಆದರೆ ದಿನಾ ಬೆಳಿಗ್ಗೆ ಕಾಲೇಜಿನ ಮೆಟ್ಟಿಲು ಹತ್ತುವಾಗ ನನಗೆ ಖುಷಿಯಾಗುತ್ತದೆ. ನೌಕರಿ ಸರ್ಕಾರ ಕೊಟ್ಟಿತ್ತು. ಈ ಖುಷಿ ಅವರು ಕೊಟ್ಟದ್ದು.